ಒಂದೇ ವರ್ಷದ ಎರಡು ಮದುವೆ

"ಡಿವಿನಾ, ನೀನು ಮುಂದೆ ಕೂತ್ಕೋ. ಸಿಂತೊ ಹಿಂದೆ ಕೂರ್ತಾನೆ."

ತಿಯಾ ಪಾಸಿಂಗ್ ಹೇಳಿ ಮುಗಿಸುವಷ್ಟರಲ್ಲಿ ಡಿವಿನಾಳ ಕೈಯಲ್ಲಿದ್ದ ಹುಟ್ಟು ಜಾರಿ ಕೆಸರಿಗೆ ಬಿತ್ತು.

ಸಿಂತೊ...?

ತಿರುಗಿ ನೋಡಿದಳು. ದೋಣಿಕಟ್ಟೆಯ ಬಿದಿರಿನ ಮೆಟ್ಟಿಲ ಮೇಲೆ ಅವನೇ ನಿಂತಿದ್ದ. ಕೆನ್ನೆ ಒಳಗೆ ಹೋಗಿತ್ತು, ಕೂದಲು ಕತ್ತಿನವರೆಗೆ ಬೆಳೆದಿತ್ತು. ಕನಸಿನಲ್ಲೂ ಎದುರಾಗಬೇಡ ಎಂದು ಎರಡು ವರ್ಷ ಬೇಡಿಕೊಂಡಿದ್ದ ಮುಖ ಈಗ ಹಾಡಹಗಲೇ, ಹತ್ತು ಜನರ ನಡುವೆ ಅವಳನ್ನೇ ನೋಡುತ್ತಿತ್ತು.

ಯಾಕೆ ಬಂದ ಇವನು? ಇನ್ನೇನು ಉಳಿದಿದೆ ಅಂತ ಬಂದ?

"ಏನ್ ಹುಡುಗಿ, ದೆವ್ವ ಕಂಡೋರ ಹಾಗೆ ನಿಂತೆ?" ತಿಯಾ ಪಾಸಿಂಗ್ ಗದರಿದಳು. ಅವಳು ಊರಿಗೆಲ್ಲ ಚಿಕ್ಕಮ್ಮ. ಮಾಲಿನಾವ್ ನದಿಯ ಕಯಾಕ್ ಸಂಘಕ್ಕೆ ಅವಳೇ ಒಡತಿ, ಅವಳೇ ಪೊಲೀಸು. "ಸೆಬು ಪಟ್ಟಣದಿಂದ ಅಜ್ಜ ಅಜ್ಜಿ ಮೊಮ್ಮಕ್ಕಳು ಅಂತ ಇಡೀ ಸಂಸಾರ ಬಂದಿದೆ. ನಮ್ಮ ಹುಡುಗರು ನೋಡಿದ್ರೆ ಜ್ವರ ಅಂತ ಮಲಗಿದಾರೆ. ಇವನು ಬೆಳಿಗ್ಗೆ ತಾನಾಗೇ ಬಂದು ನಿಂತ, ದೇವರು ಕಳಿಸಿದ ಹಾಗೆ. ಕಯಾಕ್ ಒಂದು ಕಡಿಮೆ ಬಿತ್ತು, ನೀವಿಬ್ಬರೂ ಒಂದರಲ್ಲೇ ಹೋಗಿ. ಹಳೇದೆಲ್ಲ ಇವತ್ತೊಂದು ಬೆಳಿಗ್ಗೆ ಗಂಟುಕಟ್ಟಿ ಇಡಿ."

ಸಿಂತೊ ನಗಲಿಲ್ಲ. "ಗಂಡ ಹೆಂಡ್ತೀನ ಒಂದೇ ಕಯಾಕ್‌ಗೆ ಹಾಕಬಾರದು ಅಂತ ನೀವೇ ಹೇಳ್ಕೊಟ್ಟಿದ್ದಲ್ವಾ, ತಿಯಾ?"

ಕಟ್ಟೆಯ ಮೇಲಿದ್ದವರೆಲ್ಲ ಗೊಳ್ಳೆಂದು ನಕ್ಕರು.

ನಗುವ ಮಾತೇ ಅದು. ಜೋಡಿ ಕಯಾಕಿನಲ್ಲಿ ದಂಪತಿಗಳನ್ನು ಕೂರಿಸಿದರೆ ಅವಳು ಎಡ ಎಂದರೆ ಅವನು ಬಲಕ್ಕೆ ಹುಟ್ಟು ಹಾಕುತ್ತಾನೆ, ದೋಣಿ ನಿಂತಲ್ಲೇ ಗಿರಕಿ ಹೊಡೆಯುತ್ತದೆ. ಅದಕ್ಕೇ ನಮ್ಮ ನದಿಯ ಕಟ್ಟಳೆ: ಹೆಂಡತಿಯ ಜೊತೆ ಮಗು, ಗಂಡನ ಜೊತೆ ಅತ್ತೆ. ಅತ್ತೆಯ ಎದುರು ಯಾವ ಗಂಡಸೂ ತಪ್ಪು ದಿಕ್ಕಿಗೆ ಹೋಗುವುದಿಲ್ಲ.

ಇಬ್ಬರೂ ಹಿಂದೆ ಪ್ರೀತಿಸುತ್ತಿದ್ದರು, ಆಮೇಲೆ ಯಾಕೋ ಮುರಿದುಬಿತ್ತು ಎಂಬುದು ಊರಿಗೆ ಗೊತ್ತಿದ್ದ ವಿಷಯ. ಅದಕ್ಕೇ ಆ ನಗು.

ಡಿವಿನಾ ಮಾತ್ರ ನಗಲಿಲ್ಲ. ಏಕೆಂದರೆ ಅವನು ಹೇಳಿದ್ದು ತಮಾಷೆಯಾಗಿರಲಿಲ್ಲ. ಅವಳು ನಿಜವಾಗಿಯೂ ಅವನ ಹೆಂಡತಿ. ಅದು ತನ್ನನ್ನೂ ಅವನನ್ನೂ ಬಿಟ್ಟರೆ ಊರಿನ ನರಪಿಳ್ಳೆಗೂ ಗೊತ್ತಿಲ್ಲ ಎಂದು ಅವಳು ನಂಬಿದ್ದಳು.

ಗೊತ್ತಾಗಲೂ ಬಾರದಿತ್ತು... ಅದರಲ್ಲೂ ತಂಗಿ ಮೆಲ್ಬಾಗೆ.

*

ಡಿವಿನಾ ಮತ್ತು ಮೆಲ್ಬಾ ಚಿಕ್ಕಂದಿನಲ್ಲೇ ತಂದೆತಾಯಿಯನ್ನು ಕಳೆದುಕೊಂಡವರು. ತಂಗಿಗೆ ಅನ್ನ ಕಲಸಿ ತಿನ್ನಿಸಿದ್ದು, ಜಡೆ ಹಾಕಿದ್ದು, ಚರ್ಚಿನಲ್ಲಿ ತೂಕಡಿಸಿದರೆ ಚಿವುಟಿ ಎಬ್ಬಿಸಿದ್ದು ಎಲ್ಲ ಡಿವಿನಾಳೇ.

ಸಿಂತೊ ಪಕ್ಕದ ಹಳ್ಳಿಯವನು. ಮನೆಗಳ ಸೂರಿಗೆ ನೀಪಾ ತಾಳೆಯ ಗರಿ ಹೊದಿಸಲು ಬಂದವನು ನದಿಯಲ್ಲೇ ಉಳಿದ, ಅವಳ ಜೊತೆಗೇ ಪ್ರವಾಸಿಗರನ್ನು ಕರೆದೊಯ್ಯುವ ಕೆಲಸ ಹಿಡಿದ. ಇಬ್ಬರ ಮದುವೆ ಎಂದೋ ಆಗಬೇಕಿತ್ತು. ಆದರೆ ದಿನ ನೋಡಬೇಕೆನ್ನುವಾಗ ಅವನ ತಂದೆ ತೀರಿಕೊಂಡರು. ಸಾವಾದ ವರ್ಷ ಮದುವೆ ಕೂಡದು. ಮರುವರ್ಷ ಜನವರಿಯಲ್ಲಿ ಮೆಲ್ಬಾ ಹೊಟ್ಟೆಯಲ್ಲಿ ಮಗು ಹೊತ್ತು, ನಾಚಿಕೊಂಡು ಅಕ್ಕನೆದುರು ನಿಂತಳು. ಅವಸರದಲ್ಲಿ ಅವಳ ಮದುವೆ ಆಯಿತು. ಹುಡುಗ ಆರ್ನೆಲ್, ತೆಂಗಿನ ಮರದಿಂದ ತುಬಾ ಇಳಿಸುವವನು. ಅವನು ಇಳಿಸಿದ ಆ ಕಳ್ಳು ಕುಡಿಯಲು ಅಕ್ಕಪಕ್ಕದ ಊರಿನವರೂ ಬರುತ್ತಿದ್ದರು.

ಒಡಹುಟ್ಟಿದ ಇಬ್ಬರು ಒಂದೇ ವರ್ಷ ಮದುವೆಯಾಗಬಾರದು. ಹಾಗಾದರೆ ಒಂದು ಮದುವೆಯ ಅದೃಷ್ಟವನ್ನು ಇನ್ನೊಂದು ತಿನ್ನುತ್ತದೆ. ಅದಕ್ಕೆ ನಮ್ಮಲ್ಲಿ ಸುಕೋಬ್ ಎನ್ನುತ್ತಾರೆ. ಮೂಢನಂಬಿಕೆ ಎನ್ನುವವರು ಎನ್ನಲಿ. ದಿನವಿಡೀ ಫೋನಿನಲ್ಲಿ ಮುಳುಗಿರುವ ಹುಡುಗಿಯರೂ ಮದುವೆಯ ದಿನ ಗೊತ್ತುಮಾಡುವ ಮೊದಲು ಇದೊಂದನ್ನು ಕೇಳಿಯೇ ಕೇಳುತ್ತಾರೆ.

"ಇನ್ನೊಂದು ವರ್ಷ ಕಾಯೋಣ," ಎಂದಿದ್ದಳು ಡಿವಿನಾ.

"ಬರೋ ವರ್ಷ ಇನ್ಯಾರು ಸಾಯ್ತಾರೋ, ಇನ್ಯಾರ ಮದುವೆ ಬರುತ್ತೋ," ಎಂದಿದ್ದ ಸಿಂತೊ. "ಈ ಅಜ್ಜಿಕತೆಗೆ ಹೆದರಿ ಮುದುಕರಾಗೋಣ್ವಾ, ಹೇಳು?"

ಸೆಪ್ಟೆಂಬರ್ ತಿಂಗಳ ಒಂದು ಬೆಳಿಗ್ಗೆ ಬಿಳಿ ಅಂಗಿ ತೊಟ್ಟು ಅವನ ಹಿಂದೆ ಬೈಕ್ ಹತ್ತಿದಳು. ಮೂರು ಊರಾಚೆಯ ಮೇಯರ್ ಕಚೇರಿಯಲ್ಲಿ, ಅಲ್ಲಿನ ಗುಮಾಸ್ತರನ್ನೇ ಸಾಕ್ಷಿಗೆ ನಿಲ್ಲಿಸಿಕೊಂಡು, ಅವರ ಮದುವೆ ಆಯಿತು. ಜನವರಿಯಲ್ಲಿ ಚರ್ಚಿನಲ್ಲಿ ಮತ್ತೆ ಆಗೋಣ, ಅಲ್ಲಿಯವರೆಗೆ ಬಾಯಿಬಿಡೋದು ಬೇಡ ಎಂದುಕೊಂಡು ಸಂಜೆ ಬೇರೆ ಬೇರೆಯಾಗಿ ಊರಿಗೆ ಮರಳಿದರು.

ಮರುದಿನ ಬೆಳಿಗ್ಗೆ ಆರ್ನೆಲ್ ಮರದಿಂದ ಬಿದ್ದು ಸತ್ತ.

ಮರುದಿನವೇ... ಮೆಲ್ಬಾಳ ತುಂಬಿದ ಹೊಟ್ಟೆಗೆ ಒರಗಿಕೊಂಡಿದ್ದ ಆ ಹೆಣವನ್ನು ಕಂಡಾಗ ಡಿವಿನಾಗೆ ಅಳು ಬರಲಿಲ್ಲ. ಒಂದೇ ಮಾತು ತಲೆಗೆ ಬಂತು: ನನ್ನ ಮದುವೆ ನನ್ನ ತಂಗಿಯ ಗಂಡನನ್ನು ತಿಂದಿತು.

ಹೆಣ ಕಾಯುವಾಗ ಸಿಂತೊ ಬಂದು ಅವಳ ಕೈ ಹಿಡಿಯಲು ನೋಡಿದ. ಅವಳು ಕೈ ಎಳೆದುಕೊಂಡಳು. "ನಡೆದದ್ದು ನಡೆದೇ ಇಲ್ಲ ಅನ್ಕೋ. ಇನ್ಮೇಲೆ ನನ್ನ ಹತ್ರ ಬರ್ಬೇಡ," ಎಂದಳು. ಅವನು ಎದ್ದು ಹೋದ. ಅಷ್ಟೇ.

ನಮ್ಮ ಈ ದ್ವೀಪಗಳ ದೇಶದಲ್ಲಿ ವಿಚ್ಛೇದನವಿಲ್ಲ, ಕಟ್ಟಿದ ಗಂಟು ಬಿಚ್ಚಲು ಕಾನೂನು ಬಿಡುವುದಿಲ್ಲ. ಇಬ್ಬರೂ ಬೇರೆ ಮದುವೆಯಾಗುವಂತಿಲ್ಲ, ಒಟ್ಟಿಗೆ ಬಾಳುವಂತೆಯೂ ಇಲ್ಲ. ಅಂಥ ಬಾಳಿಗೆ ಡಿವಿನಾ ಒಗ್ಗಿಹೋಗಿದ್ದಳು. ತಂಗಿ ಮತ್ತು ತಂಗಿಯ ಪುಟ್ಟ ಮಗಳು ಬೆನ್‌ಬೆನ್, ಇಬ್ಬರೇ ಅವಳ ಪ್ರಪಂಚ.

*

ಉಬ್ಬರ ತುಂಬಿತ್ತು. ಎರಡೂ ಬದಿ ನೀಪಾ ಗರಿಗಳು ನೀರಿಗೆ ಬಾಗಿದ್ದವು. ಸೆಬುವಿನ ಸಂಸಾರ ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ತೊಟ್ಟು, ಸೀಟಿ ಊದುತ್ತ, ನದಿಯ ತುಂಬ ಹರಡಿಕೊಂಡು ಹೊರಟಿತು.

"ಅಕ್ಕಾ, ಇಲ್ಲಿ ಮೊಸಳೆ ಇದೆಯಾ?" ಎಂದು ಒಬ್ಬಳು ಪುಟ್ಟಿ ಕೂಗಿ ಕೇಳಿದಳು.

"ಒಂದಿತ್ತು. ತಿಯಾ ಪಾಸಿಂಗ್ ಬೈದು ಓಡಿಸಿದ್ರು," ಎಂದಳು ಡಿವಿನಾ. ಬಾಯಿ ತನ್ನ ಕೆಲಸ ತಾನು ಮಾಡುತ್ತಿತ್ತು. ಎದೆ ಮಾತ್ರ ಹಿಂದೆ ಕೂತವನ ಉಸಿರನ್ನೇ ಕೇಳುತ್ತಿತ್ತು.

ಜೋಡಿ ಕಯಾಕಿನಲ್ಲಿ ಮುಂದೆ ಕೂತವರಿಗೆ ಹಿಂದಿನವರ ಮುಖ ಕಾಣುವುದಿಲ್ಲ. ಅದೇ ಒಳ್ಳೆಯದಾಯಿತು ಎಂದುಕೊಂಡಳು. ಕಂಡಿದ್ದರೆ ಏನಾಗುತ್ತಿತ್ತೋ...

ಅಜ್ಜ ಅಜ್ಜಿ ಕಟ್ಟಳೆ ಮೀರಿ, ಹಟ ಹಿಡಿದು, ಒಂದೇ ಕಯಾಕ್ ಹತ್ತಿದ್ದರು. ಅವತ್ತು ಅವರ ಮದುವೆಗೆ ಐವತ್ತು ವರ್ಷ. ಇಬ್ಬರೂ ಗಿರಕಿ ಹೊಡೆಯುತ್ತ ಮುಂದೆ ಸಾಗಿದ್ದು ಕಂಡು, ಬೇರೆ ಯಾರೂ ಹತ್ತಿರವಿಲ್ಲದಾಗ, ಡಿವಿನಾ ಮೆಲ್ಲಗೆ ಕೇಳಿದಳು.

"ಯಾಕೆ ಬಂದೆ?"

"ಮೆಲ್ಬಾಗೆ ಹೇಳೋಕೆ."

ಅವಳ ಹುಟ್ಟು ನೀರಿನಲ್ಲೇ ನಿಂತಿತು.

"ಊಟ ಆದ್ಮೇಲೆ ಹೇಳ್ತೀನಿ," ಎಂದ ಸಿಂತೊ. "ಸಂಜೆ ಹಡಗಿಗೆ ಪಲಾವಾನ್ ದ್ವೀಪಕ್ಕೆ ಹೋಗ್ತೀನಿ. ಅಲ್ಲೊಂದು ಕೆಲಸ ಸಿಕ್ಕಿದೆ. ಮತ್ತೆ ಈ ಕಡೆ ಬರಲ್ಲ. ಅದಕ್ಕೆ ಮೊದಲು ಇದನ್ನ ಕೆಳಗಿಳಿಸ್ಬೇಕು, ಡಿವಿನಾ. ನನ್ನ ಕೈಲಿ ಹೊರೋಕಾಗ್ತಿಲ್ಲ. ತಪ್ಪೆಲ್ಲ ನಂದು, ನಿಮ್ಮಕ್ಕ ಬೇಡ ಬೇಡ ಅಂದ್ಲು, ನಾನೇ ಎಳ್ಕೊಂಡು ಹೋದೆ ಅಂತೀನಿ."

"ನಾನು ಬೇಡ ಅಂದಿದ್ದು ಯಾವಾಗ? ಬೈಕ್ ಹತ್ತಿದ್ದು ನಾನೇ ತಾನೆ?"

"ಅದನ್ನ ಅವಳಿಗೆ ಹೇಳ್ಬೇಕಾಗಿಲ್ಲ."

"ಏನೂ ಹೇಳ್ಬೇಕಾಗಿಲ್ಲ!" ಅವಳ ದನಿ ಒಡೆಯಿತು. ಮುಂದಿನ ಕಯಾಕಿನ ಮಕ್ಕಳು ತಿರುಗಿ ನೋಡಿದರು. ಅವಳು ದನಿ ತಗ್ಗಿಸಿದಳು. "ನೀನು ಹೇಳಿ ಹಡಗು ಹತ್ತಿ ಹೋಗ್ತೀಯ. ಆಮೇಲೆ ನಾನು ಆ ಮನೇಲಿ ಯಾವ ಮುಖ ಇಟ್ಕೊಂಡು ಇರ್ಲಿ? ಅವಳು ಮಗೂನ ಎತ್ಕೊಂಡು ಹೊರಟುಹೋದ್ರೆ ನನಗ್ಯಾರಿದಾರೆ, ಸಿಂತೊ? ಇರೋದೇ ಅವರಿಬ್ಬರು."

ಹುಟ್ಟಿನಿಂದ ನೀರು ತೊಟ್ಟಿಕ್ಕುವ ಸದ್ದಷ್ಟೇ ಕೇಳುತ್ತಿತ್ತು.

"ನೀನು ಆವತ್ತು ಕೈ ಎಳ್ಕೊಂಡ್ಯಲ್ಲ," ಎಂದ ಕೊನೆಗೆ. "ಆರ್ನೆಲ್‌ನ ನಾನೇ ತಳ್ಳಿದ ಹಾಗೆ ನೋಡಿದೆ ನನ್ನ. ಸುಕೋಬ್ ಅಂದ್ರೆ ನಕ್ಕೋನು ನಾನೇ ಅಲ್ವಾ. ನೀನು ನನ್ನ ದ್ವೇಷಿಸೋದು ಸರಿಯಾಗೇ ಇದೆ. ಆದ್ರೆ..."

ದ್ವೇಷ? ಎರಡು ವರ್ಷ ಇವನು ಹೀಗೆ ಅಂದುಕೊಂಡಿದ್ದನಾ?

ಬಾಯಿ ತೆರೆದಳು. ಅಷ್ಟರಲ್ಲಿ ತಿರುವಿನಾಚೆ ಸೀಟಿಯ ಮೇಲೆ ಸೀಟಿ ಕೇಳಿಸಿತು.

*

ಅಜ್ಜ ಅಜ್ಜಿಯ ಕಯಾಕ್ ನೀರಂಚಿನ ಕಾಂಡ್ಲಾ ಮರಗಳ ಬೇರುಗಳ ಸಂದಿಗೆ ಮೂತಿ ತೂರಿಸಿ ಕೂತಿತ್ತು. ನೀರು ಇಳಿಯತೊಡಗಿತ್ತು. ಇನ್ನು ಸ್ವಲ್ಪ ಹೊತ್ತಾದರೆ ಅಲ್ಲಿ ಬರೀ ಕೆಸರು.

"ಬಲಕ್ಕೆ ಅಂದೆ, ಬಲಕ್ಕೆ ಅಂದೆ, ಕಿವಿಗೆ ಹಾಕ್ಕೊಂಡ್ರಾ?" ಅಜ್ಜಿ ಮುಂದಿನಿಂದಲೇ ಗಂಡನಿಗೆ ಬೈಯುತ್ತಿದ್ದಳು. "ಐವತ್ತು ವರ್ಷದಿಂದ ಇದೇ ಆಯ್ತು ಈ ಮನುಷ್ಯಂದು."

"ಅವಳು ಬೈತಾ ಇದ್ರೆ ಸರಿ, ಮಗಳೇ," ಅಜ್ಜ ಡಿವಿನಾಗೆ ಹೇಳಿದ. "ಸುಮ್ಮನಾದ್ಲು ಅಂದ್ರೆ ನಂಗೆ ಭಯ."

ಡಿವಿನಾ ಮತ್ತು ಸಿಂತೊ ಇಬ್ಬರೂ ಕೆಸರಿಗೆ ಇಳಿದರು. ಸೊಂಟದವರೆಗೆ ಹೂತುಹೋದರು. ಹಳೆಯ ಅಭ್ಯಾಸ, ಮಾತಿಲ್ಲದೆಯೇ ಒಬ್ಬರು ಮೂತಿ ಹಿಡಿದರು, ಇನ್ನೊಬ್ಬರು ಬಾಲ ಎತ್ತಿದರು. ಒಂದು ಸಲ ತಳ್ಳಿದ್ದಕ್ಕೇ ಕಯಾಕ್ ಬಿಡಿಸಿಕೊಂಡು ನೀರಿಗೆ ಜಾರಿತು. ಅಜ್ಜಿಯ ಬೈಗುಳ ದೂರವಾಯಿತು.

ಐವತ್ತು ವರ್ಷ ಬೈಯುವ ಭಾಗ್ಯ... ತನಗೆ ಸಿಕ್ಕಿದ್ದು ಒಂದು ಹಗಲು. ಬೈಕಿನ ಮೇಲೆ ಅವನ ಬೆನ್ನಿಗೆ ಕೆನ್ನೆ ಒತ್ತಿದ ಒಂದೇ ಒಂದು ಹಗಲು. ಡಿವಿನಾಗೆ ಹೊಟ್ಟೆಕಿಚ್ಚಾಯಿತು. ಆ ಮುದುಕಿಯ ಮೇಲೆ ಹೊಟ್ಟೆಕಿಚ್ಚುಪಟ್ಟದ್ದಕ್ಕೆ ನಾಚಿಕೆಯೂ ಆಯಿತು.

ಅವಳ ಕಾಲು ಕೆಸರಿನಲ್ಲಿ ಸಿಕ್ಕಿಕೊಂಡಿತ್ತು. ಸಿಂತೊ ಕೈ ಚಾಚಿದ. ಈ ಸಲ ಅವಳು ಹಿಡಿದುಕೊಂಡಳು. ಮೇಲೆ ಬರಲು ಮಾತ್ರ ನೋಡಲಿಲ್ಲ.

"ನಾನು ನಿನ್ನ ದ್ವೇಷಿಸ್ಲಿಲ್ಲ," ಎಂದಳು. ಈಗ ಅವನ ಮುಖ ಎದುರಿಗೇ ಇತ್ತು. "ಹೆದರಿದೆ. ಅದು ಆರ್ನೆಲ್‌ನ ತಗೊಂಡು ಸುಮ್ಮನಾಗಲ್ಲ ಅನ್ನಿಸ್ತು. ಮುಂದಿನ ಸರದಿ ನಿಂದು ಅನ್ನಿಸ್ತು. ದೂರ ಕಳಿಸಿದ್ರೆ ಬದುಕಿರ್ತೀಯ ಅಂತ ಕಳಿಸಿದೆ. ಪ್ರತಿ ಭಾನುವಾರ ಚರ್ಚಲ್ಲಿ ನಿನ್ನ ಹೆಸರು ಹೇಳ್ತೀನಿ. ಸತ್ತೋರ ಸಾಲಲ್ಲಲ್ಲ, ಬದುಕಿರೋರ ಸಾಲಲ್ಲಿ."

ಸಿಂತೊ ಅವಳ ಕೆಸರಿನ ಕೈಯನ್ನು ತನ್ನ ಹಣೆಗೆ ಒತ್ತಿಕೊಂಡ.

"ಹಾಗಾದ್ರೆ ಬಾ," ಎಂದ. "ಸಂಜೆ ನನ್ನ ಜೊತೆ ಬಾ."

"ಮೆಲ್ಬಾನ ಬಿಟ್ಟಾ?"

ಅವನಿಗೆ ಉತ್ತರ ಗೊತ್ತಿತ್ತು. ಅವಳಿಗೂ ಗೊತ್ತಿತ್ತು.

"ಸರಿ," ಎಂದ, ಅವಳನ್ನು ಕೆಸರಿನಿಂದ ಎಳೆದು ನಿಲ್ಲಿಸುತ್ತ. "ನಾನೇನೂ ಹೇಳಲ್ಲ. ನೀನು ಹೊತ್ತ ಹಾಗೆ ನಾನೂ ಹೊತ್ಕೊಂಡು ಹೋಗ್ತೀನಿ. ನಿನ್ನ ತಂಗಿ ನಿನಗೆ ಇರ್ಲಿ."

ಇದೇ ತಾನೆ ಅವಳು ಬೇಡಿದ್ದು? ಸಿಕ್ಕಿದ ಕೂಡಲೇ ಅದು ಬಿಸಿತುಪ್ಪವಾಯಿತು, ನುಂಗಲೂ ಆಗದು, ಉಗುಳಲೂ ಆಗದು. ಇಬ್ಬರೂ ಕಯಾಕ್ ಹತ್ತಿ ಕಟ್ಟೆಯತ್ತ ತಿರುಗಿದರು.

*

ಕಟ್ಟೆಯ ಪಕ್ಕದ ಚಪ್ಪರದಲ್ಲಿ ಮೆಲ್ಬಾ ಅತಿಥಿಗಳಿಗೆ ಅಡುಗೆ ಮಾಡುತ್ತಿದ್ದಳು. ದಿನವೂ ಅದೇ ಅವಳ ಕೆಲಸ. ತೆಂಗಿನ ಗರಿಯ ಬುಟ್ಟಿಯಲ್ಲಿ ಬೇಯಿಸಿದ ಪುಸೋ ಅನ್ನ, ಕೆಂಡದ ಮೇಲೆ ಸುಟ್ಟ ಮೀನು, ವಿನೆಗರ್‌ನಲ್ಲಿ ನೆನೆಸಿದ ಹಸಿಮೀನು. ಬೆನ್‌ಬೆನ್ ಅವಳ ಲಂಗ ಹಿಡಿದುಕೊಂಡೇ ಓಡಾಡುತ್ತಿದ್ದಳು.

ಸಿಂತೊನನ್ನು ಕಂಡ ಕೂಡಲೇ ಮೆಲ್ಬಾಳ ಕೈ ನಿಂತಿತು. ಬೀಸಣಿಗೆ ಕೆಂಡದ ಮೇಲೆ ಹಾಗೇ ಉಳಿಯಿತು. ಅಂಚು ಸುಡುವ ವಾಸನೆ ಬಂದಮೇಲೆಯೇ ಎತ್ತಿಕೊಂಡಳು.

"ಯಾವಾಗ ಬಂದೆ, ಮಾನೋಯ್?" ಅಣ್ಣ ಎಂಬರ್ಥದ ಆ ಹಳೆಯ ಕರೆ ಅವಳ ಬಾಯಿಂದ ಬಂತು.

"ಬೆಳಿಗ್ಗೆ."

"ಯಾವಾಗ ಹೋಗ್ತೀಯ?"

"ಸಂಜೆ."

"ಹ್ಞೂಂ," ಎಂದಳು ಮೆಲ್ಬಾ. ಆಮೇಲೆ ಅವನ ಕಡೆ ತಿರುಗಲಿಲ್ಲ. ಎಲ್ಲರ ತಟ್ಟೆಗೂ ಮೀನು ಬಡಿಸಿದಳು, ಅವನ ತಟ್ಟೆಯನ್ನು ಮಾತ್ರ ಡಿವಿನಾಳ ಕೈಗೆ ಕೊಟ್ಟು ಕಳಿಸಿದಳು.

ಸೆಬುವಿನ ಸಂಸಾರ ಉಂಡು, ಹಾಡಿ, ಚಿತ್ರ ತೆಗೆಸಿಕೊಂಡು ವ್ಯಾನ್ ಹತ್ತಿತು. ತಿಯಾ ಪಾಸಿಂಗ್ ಅವರನ್ನು ಬೀಳ್ಕೊಡಲು ರಸ್ತೆಯವರೆಗೂ ಹೋದಳು. ಚಪ್ಪರದಲ್ಲಿ ಅಕ್ಕ ತಂಗಿ ಪಾತ್ರೆ ತಿಕ್ಕಲು ಕೂತರು. ಬೆನ್‌ಬೆನ್ ಚಾಪೆಯ ಮೇಲೆ ನಿದ್ದೆ ಹೋಗಿದ್ದಳು.

ಸಿಂತೊ ಚೀಲ ಹೆಗಲಿಗೇರಿಸಿಕೊಂಡು ಬಂದ. "ಬರ್ತೀನಿ, ಮೆಲ್ಬಾ," ಎಂದ. ಮಲಗಿದ್ದ ಮಗುವನ್ನು ಒಂದು ಕ್ಷಣ ನೋಡಿದ. ಡಿವಿನಾಳನ್ನು ನೋಡಲಿಲ್ಲ. ತಿರುಗಿ ನಡೆದ. ಕೊಟ್ಟ ಮಾತು ಉಳಿಸಿಕೊಂಡಿದ್ದ.

ಹೋಗಲಿ, ಎಂದುಕೊಂಡಳು ಡಿವಿನಾ. ಹೋಗಲಿ, ಎಲ್ಲೋ ಬದುಕಿರಲಿ. ಇನ್ನು ಹತ್ತು ಹೆಜ್ಜೆ, ಆಮೇಲೆ ಕಾಣೋದಿಲ್ಲ. ಆಮೇಲೆ ಈ ಪಾತ್ರೆ ತೊಳೆದು, ನಾಳೆಯ ಅಕ್ಕಿ ನೆನೆಹಾಕಿ...

"ಅವನು ನನ್ನ ಗಂಡ."

ಯಾರು ಹೇಳಿದರು ಅದನ್ನು? ತನ್ನದೇ ದನಿ ಎಂದು ಗೊತ್ತಾಗಲು ಅವಳಿಗೇ ಒಂದು ಕ್ಷಣ ಬೇಕಾಯಿತು. ಸಿಂತೊ ನಿಂತಲ್ಲೇ ನಿಂತ.

"ಮದುವೆ ಆಗಿದೀವಿ, ಮೆಲ್ಬಾ. ಆ ಸೆಪ್ಟೆಂಬರ್‌ನಲ್ಲಿ. ನಿನ್ನ ಮದುವೆ ಆದ ವರ್ಷವೇ. ಆರ್ನೆಲ್ ಹೋದ ಹಿಂದಿನ ದಿನ." ಮಾತುಗಳು ಒಂದರ ಮೇಲೊಂದು ಬೀಳುತ್ತಿದ್ದವು, ತಡೆಯಲಾಗಲಿಲ್ಲ. "ಸುಕೋಬ್ ಅಂತ ಗೊತ್ತಿದ್ದೂ ಮಾಡಿದೆ. ನಿನ್ನ ಗಂಡನ್ನ ನಾನೇ ತಿಂದೆ. ಎರಡು ವರ್ಷ ನಿನ್ನ ಜೊತೆ ಒಂದೇ ಚಾಪೆ ಮೇಲೆ ಮಲ್ಕೊಂಡು ಮುಚ್ಚಿಟ್ಟೆ. ಹೊಡಿ ಬೇಕಾದ್ರೆ. ಹೊರಗೆ ಹಾಕು."

ಮೆಲ್ಬಾ ತೆಂಗಿನ ನಾರಿನಿಂದ ಪಾತ್ರೆ ತಿಕ್ಕುತ್ತಲೇ ಇದ್ದಳು. ಒಂದು ಸುತ್ತು, ಇನ್ನೊಂದು ಸುತ್ತು.

"ಗೊತ್ತು," ಎಂದಳು.

ಸಿಂತೊ ತಿರುಗಿ ಚಪ್ಪರದತ್ತ ಬಂದ.

"ಆರ್ನೆಲ್‌ಗೆ ಗೊತ್ತಿತ್ತು. ಆವತ್ತು ಅವನು ತುಬಾ ಮಾರೋಕೆ ಆ ಊರಿಗೆ ಹೋಗಿದ್ದ. ಕಚೇರಿ ಮೆಟ್ಟಿಲು ಇಳೀತಿದ್ದ ನಿಮ್ಮಿಬ್ಬರನ್ನ ನೋಡಿದ. ನೀನು ಹೂವು ಹಿಡ್ಕೊಂಡಿದ್ಯಂತೆ. ಸಂಜೆ ಮನೆಗೆ ಬಂದು ಹೊಟ್ಟೆ ಹಿಡ್ಕೊಂಡು ನಕ್ಕ. ನಿಮ್ಮಕ್ಕ ನಮಗೇ ಟೋಪಿ ಹಾಕಿದ್ಲು ಕಣೆ ಅಂದ. ನಾನೂ ನಕ್ಕೆ. ಸುಕೋಬ್ ಅಂತ ನಮ್ಮಿಬ್ಬರ ತಲೆಗೂ ಬರ್ಲಿಲ್ಲ. ನಿನಗೊಂದು ದಾರಿ ಆಯ್ತಲ್ಲ ಅಂತ ಖುಷಿ."

ಡಿವಿನಾ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟಳು.

"ಆ ತುದಿ ಮರದ ತುಬಾನೇ ಸಿಹಿ ಅಂತ ಅವನಿಗೆ. ನಾಳೆ ಅದನ್ನ ಇಳಿಸಿ ಇಬ್ಬರಿಗೂ ಕುಡಿಸಿ ಬಾಯಿ ಬಿಡಿಸ್ತೀನಿ, ಮದುವೆ ಊಟ ಹಾಕಿಸ್ಕೊಳ್ತೀನಿ ಅಂದ. ರಾತ್ರಿ ಮಳೆ ಬಂದಿತ್ತು, ಮರ ಜಾರ್ತಿತ್ತು. ಹತ್ತಲಾ ಅಂತ ನನ್ನ ಕೇಳ್ದ." ಮೆಲ್ಬಾಳ ಕೈ ಈಗ ನಿಂತಿತು. "ಬೇಡ ಅನ್ನಬಹುದಿತ್ತು. ನಾನು, ಹತ್ತು ಹತ್ತು, ಅಕ್ಕನ ಮುಖ ನೋಡ್ಬೇಕು ಅಂದೆ."

ನದಿಯಲ್ಲಿ ಖಾಲಿ ಕಯಾಕ್‌ಗಳು ಒಂದಕ್ಕೊಂದು ತಾಗುತ್ತಿದ್ದವು.

"ನೀನು ಸುಕೋಬ್ ಅಂದ್ಕೊಂಡೆ. ನಾನು ಮಳೆ ಅಂದ್ಕೊಂಡೆ. ನಿನಗೆ ಹೇಳಿದ್ರೆ, ನಿಮಗೋಸ್ಕರ ಹತ್ತಿ ಬಿದ್ದ ಅಂತ ಗೊತ್ತಾದ್ರೆ, ನೀನು ನದಿಗೇ ಬೀಳ್ತಿದ್ದೆ. ಅದಕ್ಕೆ ಸುಮ್ಮನಿದ್ದೆ. ನೀನಾಗೇ ಹೇಳಲಿ ಅಂತ ಕಾದೆ. ಹೇಳ್ದೇ ಮಾನೋಯ್‌ನ ಓಡಿಸಿದೆ."

"ಮೆಲ್ಬಾ..." ಡಿವಿನಾ ಕೈ ಚಾಚಿದಳು. "ನನ್ನ ಕ್ಷಮಿಸ್ತೀಯಾ?"

ಮೆಲ್ಬಾ ಅಕ್ಕನ ಕೈಯನ್ನು ನೋಡಿದಳು. ಹಿಡಿಯಲಿಲ್ಲ.

"ಗೊತ್ತಿಲ್ಲ, ಅಕ್ಕಾ. ಸುಳ್ಳು ಹೇಳಲ್ಲ. ಕೆಲವು ಬೆಳಿಗ್ಗೆ ಎದ್ದು ನಿನ್ನ ಮುಖ ನೋಡಿದ್ರೆ ಇವಳಿಂದಲೇ ಅನ್ಸುತ್ತೆ. ಕತ್ತು ಹಿಸುಕೋಣ ಅನ್ಸುತ್ತೆ. ಮಧ್ಯಾಹ್ನ ಆಗೋಷ್ಟರಲ್ಲಿ, ಇಲ್ಲ, ಹತ್ತು ಅಂದಿದ್ದು ನಾನು ಅನ್ಸುತ್ತೆ. ಬೆನ್‌ಬೆನ್ ದೊಡ್ಡೋಳಾಗಿ ಕೇಳಿದ್ರೆ ಏನ್ ಹೇಳ್ಬೇಕೋ ಅದೂ ಗೊತ್ತಿಲ್ಲ. ಇದು ವಾಸಿ ಆಗೋ ಗಾಯ ಅಲ್ಲ."

ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡಳು. ನಿದ್ದೆಯಲ್ಲೇ ಬೆನ್‌ಬೆನ್ ತಾಯಿಯ ಕತ್ತು ತಬ್ಬಿದಳು.

"ಇವತ್ತು ಇಬ್ಬರೂ ನನ್ನ ಕಣ್ಮುಂದೆ ಇರ್ಬೇಡಿ. ಎಲ್ಲಾದ್ರೂ ಹೋಗಿ." ನಾಲ್ಕು ಹೆಜ್ಜೆ ನಡೆದು, ತಿರುಗದೆಯೇ ಹೇಳಿದಳು, "ನಾಳೆ ಬನ್ನಿ. ಇಬ್ಬರೂ ಬನ್ನಿ. ಒಬ್ಬಳೇ ಬಂದ್ಯೋ, ಅದನ್ನ ಮಾತ್ರ ನಾನು ಕ್ಷಮಿಸಲ್ಲ. ಆರ್ನೆಲ್ ನಿಮಗೋಸ್ಕರ ಹತ್ತಿದ್ದು ದಂಡವಾಗ್ಬಾರ್ದು."

*

ಇಳಿತ ಪೂರ್ತಿಯಾಗಿತ್ತು. ನದಿ ನಡುವಿನ ಒಂದು ಸಣ್ಣ ಹರಿವಾಗಿ ಉಳಿದು, ಎರಡೂ ಬದಿ ಬೂದು ಕೆಸರು ಬಿಸಿಲಿಗೆ ಬಿದ್ದಿತ್ತು. ಕಟ್ಟೆಯ ಕೊನೆಯ ಮೆಟ್ಟಿಲ ಮೇಲೆ ಡಿವಿನಾ ಕೂತಳು. ಸಿಂತೊ ಚೀಲ ಇಳಿಸಿ ಪಕ್ಕದಲ್ಲಿ ಕೂತ. ಮುಟ್ಟುವಷ್ಟು ಹತ್ತಿರವಲ್ಲ.

ಅಳು ಈಗ ಬಂತು. ಆವತ್ತು ಹೆಣದ ಮುಂದೆ ಬಾರದಿದ್ದದ್ದು, ಎರಡು ವರ್ಷ ಬಾರದಿದ್ದದ್ದು, ಎಲ್ಲ ಒಟ್ಟಿಗೆ ಬಂತು. ಹೂವು ಹಿಡಿದುಕೊಂಡಿದ್ದಳಂತೆ... ಆರ್ನೆಲ್ ನೋಡಿದ್ದನಂತೆ... ನಕ್ಕಿದ್ದನಂತೆ. ಸಿಂತೊ ಅಳಬೇಡ ಎನ್ನಲಿಲ್ಲ. ಅವನೂ ಅಳುತ್ತಿದ್ದ.

ದೂರದ ಬಂದರಿನಿಂದ ಹಡಗಿನ ಕೂಗು ಕೇಳಿಸಿತು.

"ನಿನ್ನ ಹಡಗು," ಎಂದಳು ಮೂಗು ಒರೆಸಿಕೊಳ್ಳುತ್ತ.

"ಹೋಗ್ಲಿ ಅದು."

"ಪಲಾವಾನ್ ಕೆಲಸ?"

"ಅಲ್ಲಿ ಯಾರಿದಾರೆ ನಂಗೆ?"

ಅವಳು ಕೆಸರನ್ನೇ ನೋಡುತ್ತ ಮೆಲ್ಲಗೆ ಹೇಳಿದಳು, "ಪ್ರೀತಿ ಹೋಗಿರ್ಲಿಲ್ಲ, ಸಿಂತೊ. ಒಂದು ದಿನಾನೂ ಹೋಗಿರ್ಲಿಲ್ಲ. ಆದ್ರೆ ಭಯಾನೂ ಹೋಗಿಲ್ಲ. ಅವಳು ಎಲ್ಲ ಹೇಳಿದ್ಮೇಲೂ ಹೋಗಿಲ್ಲ. ನೀನು ನೀರಿಗಿಳಿದ್ರೆ, ಬೈಕ್ ಹತ್ತಿದ್ರೆ, ಒಂದು ಸಲ ಕೆಮ್ಮಿದ್ರೂ ನನ್ನಿಂದಲೇ ಅನ್ಸುತ್ತೆ. ಸಾಯೋವರೆಗೂ ಅನ್ಸುತ್ತೆ. ಇಂಥ ಹೆಂಡ್ತೀನ ಕಟ್ಕೊಂಡು ಏನ್ಮಾಡ್ತೀಯ?"

"ನಂಗೂ ಭಯ ಇದೆ," ಎಂದ ಸಿಂತೊ. "ನಗ್ತಿದ್ದೋನು ನಾನು. ಈಗ ರಾತ್ರಿ ಮಳೆ ಬಂದ್ರೆ ನಿದ್ದೆ ಬರಲ್ಲ. ನಿನಗೇನಾಯ್ತೋ ಅಂತ ಎದ್ದು ಕೂರ್ತೀನಿ. ನೀನೆಲ್ಲೋ, ನಾನೆಲ್ಲೋ. ಕೇಳೋಕೂ ಆಗಲ್ಲ."

"ಮತ್ತೇನ್ಮಾಡೋಣ?"

ಅವನು ಸರಿದು ಹತ್ತಿರ ಕೂತ.

"ಇಷ್ಟು ದಿನ ಬೇರೆ ಬೇರೆ ಹೆದರಿದ್ವಿ. ಇನ್ಮೇಲೆ ಒಂದೇ ಮನೇಲಿ ಹೆದರೋಣ."

ಅವಳು ಅವನ ಭುಜಕ್ಕೆ ತಲೆ ಇಟ್ಟಳು. ಅವನ ಅಂಗಿಯಲ್ಲಿ ಇನ್ನೂ ಕೆಸರಿನ ವಾಸನೆ ಇತ್ತು.

"ಸಿಂತೊ..."

"ಹ್ಞಾಂ?"

"ಕೆಮ್ಮಬೇಡ ಮತ್ತೆ."

"ಇಲ್ಲ," ಎಂದ ಅವನು, ಅವಳ ಕೈಯನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು. "ಕೆಮ್ಮಲ್ಲ."